ಮೂರು ಸುತ್ತು, ನಾಲ್ಕು ಬಾವುಟ

ಶಾಲಾ ಕ್ರೀಡಾಕೂಟದಲ್ಲಿ ಜನ ಮುಗಿಬೀಳುವುದು ನೂರು ಮೀಟರ್ ಓಟಕ್ಕೆ, ಬಿಟ್ಟರೆ ರಿಲೇಗೆ. ನಾನು ಕಾಯುವುದು ಚಿಕ್ಕ ಮಕ್ಕಳ 600 ಮೀಟರ್ ಓಟಕ್ಕೆ. ಮಕ್ಕಳ ಕಸುವು ಯಾವ ಓಟದಲ್ಲಾದರೂ ಕಂಡೀತು, ಅವರ ಪಿ.ಟಿ. ಮೇಷ್ಟ್ರ ಕಸುಬು ಕಾಣುವುದು ಇದರಲ್ಲೇ. ಸೀಟಿ ಊದಿದ್ದೇ ತಡ, ಹುಚ್ಚುನಾಯಿ ಅಟ್ಟಿಸಿಕೊಂಡು ಬಂದವರಂತೆ ಓಟ ಕೀಳುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಎರಡನೆಯ ಸುತ್ತಿನ ತಿರುವಿನಲ್ಲಿ ಪಕ್ಕೆ ಹಿಡಿದುಕೊಂಡು ನಿಂತಿರುತ್ತಾನೆ. ಆರಂಭಶೂರರೆಲ್ಲ ಸುಸ್ತಾದ ಮೇಲೆ ತನ್ನ ಪಾಡಿಗೆ ಹಿಂದೆ ಬರುತ್ತಿದ್ದ ಬಡಕಲು ಹುಡುಗ ಗೆದ್ದುಬಿಡುತ್ತಾನೆ. ಅವನಿಗೆ ಯಾರೋ ಓಡುವ ಹದ ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ.

ಆ ಹದ ಹೇಳಿಕೊಡಲು ದುಬಾರಿ ಸಾಮಾನು ಬೇಕಿಲ್ಲ. 200 ಮೀಟರ್ ಟ್ರ್ಯಾಕಿನಲ್ಲಿ ಪ್ರತಿ 50 ಮೀಟರಿಗೆ ಒಂದರಂತೆ ನಾಲ್ಕು ಬಾವುಟ ನೆಟ್ಟರೆ ಸಾಕು. ಮೂರು ಸುತ್ತನ್ನು 3 ನಿಮಿಷದಲ್ಲಿ ಮುಗಿಸಬೇಕಾದವರು ಬಾವುಟದಿಂದ ಬಾವುಟಕ್ಕೆ 15 ಸೆಕೆಂಡಿನಲ್ಲಿ ಹೋಗಬೇಕು. ಮೇಷ್ಟ್ರು ಸ್ಟಾಪ್‌ವಾಚ್ ನೋಡಿಕೊಂಡು 15 ಸೆಕೆಂಡಿಗೊಮ್ಮೆ ಸೀಟಿ ಊದುತ್ತಾರೆ. ಸೀಟಿ ಕೇಳಿದಾಗ ಮಗು ಬಾವುಟದ ಪಕ್ಕದಲ್ಲಿರಬೇಕು, ಅಷ್ಟೇ ಆಟ. ಮೊದಲ ಬಾವುಟಕ್ಕೆ ಹೋಗುವಾಗ ‘ಇಷ್ಟು ನಿಧಾನಕ್ಕಾ ಸಾರ್?’ ಎಂದು ನಗುವವರು ಒಂಬತ್ತನೆಯ ಸೀಟಿಯ ಹೊತ್ತಿಗೆ ಮಾತು ನಿಲ್ಲಿಸಿರುತ್ತಾರೆ. ಆಗದವರಿಗೆ ಬೇರೆ ಗುಂಪು ಮಾಡಿ 17 ಸೆಕೆಂಡಿಗೆ, ಇನ್ನೂ ಕಷ್ಟವಾದವರಿಗೆ 20 ಸೆಕೆಂಡಿಗೆ ಸೀಟಿ ಊದಬಹುದು. 20 ಸೆಕೆಂಡಿನ ಲೆಕ್ಕದಲ್ಲಿ 600 ಮೀಟರಿಗೆ 4 ನಿಮಿಷ. ಆ ವೇಗದಲ್ಲಿ ಒಮ್ಮೆಯೂ ನಿಲ್ಲದೆ ಓಡಿ ಮುಗಿಸಿದ ದಪ್ಪ ಹುಡುಗಿಯ ಮುಖ ನೋಡಿದವರಿಗೆ ಪದಕದ ಚಿಂತೆ ಸ್ವಲ್ಪ ಹೊತ್ತಾದರೂ ಮರೆಯುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ದೈಹಿಕ ಶಿಕ್ಷಕರ ತರಬೇತಿಯಲ್ಲಿ ಅಥ್ಲೆಟಿಕ್ಸ್ ಒಂದು ಅಧಿವೇಶನ, ಆರೋಗ್ಯ ಸಂಬಂಧಿ ದೈಹಿಕ ಕ್ಷಮತೆ ಇನ್ನೊಂದು ಅಧಿವೇಶನ. ಮೊದಲನೆಯದು ನಿಯಮ ಮತ್ತು ಅಳತೆ. ಎರಡನೆಯದು ಹೃದಯ-ಶ್ವಾಸಕೋಶದ ತಾಳಿಕೆ, ಸ್ನಾಯುಗಳ ಬಲ, ಅವುಗಳ ತಾಳಿಕೆ, ಮೈ ಬಾಗುವಿಕೆ, ದೇಹದ ಕೊಬ್ಬಿನ ಪ್ರಮಾಣ ಎಂಬ ಐದು ಅಂಶಗಳ ಪರದೆ ಪ್ರದರ್ಶನ, ಅದೂ ಫ್ಯಾನಿನ ಕೆಳಗೆ. ಆದರೆ ಮೈದಾನದಲ್ಲಿ ಎರಡೂ ಒಂದೇ ಓಟ, ಒಂದೇ ಜಿಗಿತ, ಒಂದೇ ಎಸೆತ. ವ್ಯತ್ಯಾಸವಿರುವುದು ಮೇಷ್ಟ್ರು ಯಾರನ್ನು ನೋಡುತ್ತಾರೆ ಎಂಬುದರಲ್ಲಿ. ಹೋಬಳಿ ಕೂಟಕ್ಕೆ ತಂಡ ಕಟ್ಟುವಾಗ ಚುರುಕಾದ ನಾಲ್ವರು ಸಾಕು. ಉಳಿದವರು ಮರದ ನೆರಳಿನಲ್ಲಿ ಚಪ್ಪಾಳೆ ತಟ್ಟುತ್ತಾರೆ. ಐದರಿಂದ ಹದಿನೇಳರ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವ್ಯಾಯಾಮ ಬೇಕಿರುವುದು ಆ ನೆರಳಿನಲ್ಲಿ ಕೂತವರಿಗೇ.

ಈ ಎರಡನ್ನೂ ಬೇರ್ಪಡಿಸದೆ ನೋಡಿದವರು ಹಿಂದೆ ಇದ್ದರು. ಮದ್ರಾಸಿನಲ್ಲಿ 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಶುರುಮಾಡಿದ ಹ್ಯಾರಿ ಬಕ್, 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಜೊತೆ ಹೋದವರೂ ಹೌದು. ಶಾಲೆಯ ಮೇಷ್ಟ್ರನ್ನು ತಯಾರು ಮಾಡುವುದೂ ಓಟಗಾರರನ್ನು ಸಜ್ಜುಗೊಳಿಸುವುದೂ ಅವರಿಗೆ ಬೇರೆ ಬೇರೆ ಖಾತೆಗಳಾಗಿರಲಿಲ್ಲ.

2019ರಿಂದ ಖೇಲೋ ಇಂಡಿಯಾದ ಶಾಲಾ ಕ್ಷಮತಾ ಪರೀಕ್ಷೆ ಬಂದಿದೆ. ಒಂದರಿಂದ ಮೂರನೆಯ ತರಗತಿಯವರಿಗೆ ಒಂಟಿಕಾಲಿನ ಸಮತೋಲನ ಮತ್ತು ತಟ್ಟೆ ತಟ್ಟುವ ಆಟ. ಮೇಲಿನವರಿಗೆ 50 ಮೀಟರ್, 600 ಮೀಟರ್, ಕೂತು ಮುಂದೆ ಬಾಗುವುದು, ಪುಷ್‌ಅಪ್ ಇತ್ಯಾದಿ. ಎತ್ತರ, ತೂಕ ಎಲ್ಲರಿಗೂ. ಪಟ್ಟಿ ಚೆನ್ನಾಗಿಯೇ ಇದೆ, ಬಳಸುವ ರೀತಿಯಲ್ಲಿ ನನಗೆ ತಕರಾರಿದೆ. ತೂಕದ ಯಂತ್ರದ ಮೇಲೆ ನಿಂತ ಮಗುವಿನ ಕಿಲೋ ಲೆಕ್ಕವನ್ನು ಇಡೀ ತರಗತಿಗೆ ಕೇಳುವಂತೆ ಕೂಗಿ, ಇನ್ನೊಬ್ಬ ಹುಡುಗನ ಕೈಯಲ್ಲಿ ಬರೆಸುವುದನ್ನು ನೋಡಿದ್ದೇನೆ. ಆ ಮಗು ಮುಂದಿನ ಪಿ.ಟಿ. ಪಿರಿಯಡ್‌ಗೆ ಹೊಟ್ಟೆನೋವು ಎನ್ನದೆ ಇರುತ್ತದೆಯೇ?

ಬೆಳವಣಿಗೆಯ ಲೆಕ್ಕವೂ ತರಬೇತಿಯಲ್ಲಿ ವಿವರವಾಗಿ ಬರಬೇಕು. ಹುಡುಗಿಯರು ಸುಮಾರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಸರಸರನೆ ಎತ್ತರವಾಗುತ್ತಾರೆ. ಕಾಲು ಮೊದಲು ಉದ್ದವಾಗುತ್ತದೆ, ಮುಂಡ ಆಮೇಲೆ. ಹೋದ ವರ್ಷ ಕಾಲ್ಬೆರಳು ಮುಟ್ಟುತ್ತಿದ್ದ ಹುಡುಗಿಗೆ ಈ ವರ್ಷ ಮುಟ್ಟಲಾಗದಿದ್ದರೆ ಅದು ಸೋಮಾರಿತನವೆಂದು ಬೈಯುವ ಹಾಗಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುತ್ತಿದೆ ಎನ್ನುವ ಹದಿಮೂರರ ಹುಡುಗನಿಂದ ಉದ್ದಜಿಗಿತ ಮಾಡಿಸುತ್ತಲೇ ಹೋದರೆ ನೋವು ಇನ್ನೂ ಹೆಚ್ಚುತ್ತದೆ. ಹದಿನಾಲ್ಕರೊಳಗಿನವರ ಗುಂಡು ಎಸೆತದಲ್ಲಿ ಗೆದ್ದವನು ಎಷ್ಟೋ ಸಲ ಬೇಗ ಬೆಳೆದವನು ಮಾತ್ರ. ಮೇಷ್ಟ್ರು ಅವನೊಬ್ಬನ ಮೇಲೆಯೇ ಎರಡು ವರ್ಷ ಸುರಿದರೆ, ತಡವಾಗಿ ಬೆಳೆಯುವವನು ಅಷ್ಟರಲ್ಲಿ ಮೈದಾನ ಬಿಟ್ಟಿರುತ್ತಾನೆ.

ನಿಯಮದ ಪಾಠ ಬೇಡವೆಂದಲ್ಲ. 4x100 ರಿಲೇಯಲ್ಲಿ ಬ್ಯಾಟನ್ ಬದಲಿಸುವ ವಲಯ 30 ಮೀಟರ್ ಆಗಿ ವರ್ಷಗಳೇ ಕಳೆದರೂ ಹಳೆಯ 20 ಮೀಟರಿಗೇ ಸುಣ್ಣ ಹಾಕುವವರಿದ್ದಾರೆ. ಗುಂಡು ಎಸೆತದ ಕೋನಕ್ಕೆ 34.92 ಡಿಗ್ರಿ ಎಂದು ಬಾಯಿಪಾಠ ಒಪ್ಪಿಸುವವರಿಗೆ, ವೃತ್ತದ ನಡುವಿನಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್ ಅಂತರವಿಟ್ಟರೆ ಅದೇ ಕೋನ ಸಿಗುತ್ತದೆಂದು ಒಂದು ಟೇಪ್ ಹಿಡಿದು ತೋರಿಸಿದರೆ ಹತ್ತು ನಿಮಿಷದ ಕೆಲಸ.

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ‘ಕಿಡ್ಸ್ ಅಥ್ಲೆಟಿಕ್ಸ್’ನಲ್ಲಿ ಎಂಟು ನಿಮಿಷದ ಓಟವೊಂದಿದೆ. ಹುಡುಗ ಹುಡುಗಿಯರು ಕೂಡಿದ ತಂಡ, 150 ಮೀಟರ್ ಸುತ್ತು. ಪ್ರತಿ ಸುತ್ತಿಗೆ ಒಂದೊಂದು ಚೀಟಿ, ಕೊನೆಗೆ ತಂಡದ ಚೀಟಿಗಳನ್ನೆಲ್ಲ ಕೂಡಿಸಿ ಎಣಿಸುತ್ತಾರೆ. ನಡೆದುಕೊಂಡು ಸುತ್ತು ಮುಗಿಸಿದವನ ಚೀಟಿಗೂ ಅದೇ ಬೆಲೆ. ತರಬೇತಿಗೆ ಬಂದ ಶಿಕ್ಷಕರನ್ನೇ ಮೊದಲು ಇದರಲ್ಲಿ ಓಡಿಸಬೇಕು. ನಲವತ್ತೈದು ದಾಟಿದವರು ಮೂರನೆಯ ಸುತ್ತಿನಲ್ಲಿ ಏದುಸಿರು ಬಿಡುತ್ತಾ ನಗುತ್ತಾರೆ, ಆ ಮೇಲೆ ಐದು ಅಂಶಗಳ ಪರದೆ ತೋರಿಸಿ, ಕೇಳುತ್ತಾರೆ.

ದೈಹಿಕ ಶಿಕ್ಷಣದ ಕುರಿತ ವೈದ್ಯನಾಥನ್ ವರದಿ ಜಾರಿಯಾಗಲಿ, ನಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ ಎಂಬ ದೈಹಿಕ ಶಿಕ್ಷಕರ ಕೂಗು ಹಳೆಯದು, ನ್ಯಾಯವಾದದ್ದು. ಅದು ಆಗುವವರೆಗೂ ಮಾಡಬಹುದಾದದ್ದು ಒಂದಿದೆ. ಈ ತರಬೇತಿಗಳನ್ನು ಶಾಲೆ ತೆರೆದ ಜೂನ್ ತಿಂಗಳಲ್ಲೇ, ಮೈದಾನದಲ್ಲೇ ನಡೆಸುವುದು. ಕೂಟಗಳ ಹಂಗಾಮು ಶುರುವಾದ ಮೇಲೆ ನಾಲ್ವರ ತಂಡ ಕಟ್ಟಿ ಬಸ್ಸು ಹತ್ತಿಸುವುದರಲ್ಲೇ ಮೇಷ್ಟ್ರ ಹೊತ್ತು ಕಳೆದುಹೋಗುತ್ತದೆ.