ನೀರಿನ ಹಾಡು, ನೀರಿನ ಜಗಳ: ಜನಪದ ಕಲೆಗಳಲ್ಲಿ ಜಲಪ್ರಜ್ಞೆ

ಪರಿಸರ ಜಾಗೃತಿಯ ಹೆಸರಿನಲ್ಲಿ ಜನಪದ ಕಲೆಗಳನ್ನು ಬಳಸಿಕೊಳ್ಳುವ ಪರಿಪಾಠ ಕರ್ನಾಟಕದಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದುಬಂದಿದೆ. ಜಲಾನಯನ, ಕೆರೆ ಅಭಿವೃದ್ಧಿ, ಗ್ರಾಮ ನೈರ್ಮಲ್ಯ ಮುಂತಾದ ಯೋಜನೆಗಳ ಪ್ರಚಾರಕ್ಕಾಗಿ ಕಲಾಜಾಥಾಗಳು ಹೊರಡುತ್ತವೆ; ಡೊಳ್ಳು, ತಮಟೆ, ಕೋಲಾಟಗಳ ಧಾಟಿಗೆ ಹೊಸ ಘೋಷಣೆಗಳನ್ನು ಹೊಂದಿಸಲಾಗುತ್ತದೆ. ಇಂಥ ಪ್ರಯೋಗಗಳ ಹಿಂದೆ ಒಂದು ನಂಬಿಕೆ ಕೆಲಸ ಮಾಡುತ್ತಿದೆ. ಜನಪದರು ಪ್ರಕೃತಿಯ ಆರಾಧಕರು, ಅವರ ಕಲೆ ನೀರನ್ನು ಕೊಂಡಾಡುತ್ತದೆ, ಆದುದರಿಂದ ಅದು ಪರಿಸರ ಸಂದೇಶದ ಸಹಜ ವಾಹಕ ಎಂಬುದೇ ಆ ನಂಬಿಕೆ. ಪಠ್ಯಗಳ ಎದುರಿಗಿಟ್ಟು ನೋಡಿದಾಗ ಇದು ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ. ನೀರನ್ನು ಕುರಿತ ಕನ್ನಡ ಜನಪದದ ಶ್ರೇಷ್ಠ ಪಠ್ಯಗಳು ಹೊಗಳಿಕೆಯವಲ್ಲ. ಜಗಳದವು, ದೂರಿನವು, ಬಲಿಯವು.

ಹೆಂಗಸರು ಹಾಡುವ ಗಂಗೆ-ಗೌರಿಯರ ಸಂವಾದವನ್ನೇ ತೆಗೆದುಕೊಳ್ಳಬಹುದು. ಶಿವನು ಜಡೆಯಲ್ಲಿ ಅಡಗಿಸಿ ತಂದ ಸವತಿಯನ್ನು ಗೌರಿ ಕಂಡುಹಿಡಿಯುತ್ತಾಳೆ, ಮಾತಿಗೆ ಮಾತು ಬೆಳೆಯುತ್ತದೆ. ಕೆಲವು ಪಾಠಗಳಲ್ಲಿ ಗಂಗೆ ಬೆಸ್ತರ ಮಗಳು. ಗೌರಿಯ ಮೂದಲಿಕೆಯಲ್ಲಿ ಕುಲದ ಅಹಂಕಾರ ಮುಚ್ಚುಮರೆಯಿಲ್ಲದೆ ಹೊರಬರುತ್ತದೆ. ಆಮೇಲೆ ಗೌರಿ ಮುಟ್ಟಾಗುತ್ತಾಳೆ. ಮೀಯಲು ಮನೆಯ ಕೊಡದಲ್ಲಿ ನೀರಿಲ್ಲ, ಬಾವಿಯಲ್ಲಿಲ್ಲ, ಹೊಳೆಯಲ್ಲಿಲ್ಲ. ಲೋಕದ ನೀರನ್ನೆಲ್ಲ ಗಂಗೆ ತನ್ನೊಳಗೆ ಎಳೆದುಕೊಂಡಿದ್ದಾಳೆ. ಬೈದ ಬಾಯಲ್ಲೇ ‘ತಂಗಿ’ ಎಂದು ಕರೆದು ಬೇಡಿಕೊಳ್ಳದೆ ಗೌರಿಗೆ ಗತ್ಯಂತರವಿಲ್ಲ. ಇಲ್ಲಿನ ರಾಜಿ ಉಪದೇಶದಿಂದ ಬಂದುದಲ್ಲ ಎಂಬ ಅಂಶ ಗಮನಾರ್ಹ. ಇಬ್ಬರಲ್ಲಿ ಯಾರ ಮನಸ್ಸೂ ದೊಡ್ಡದಾಗಿಲ್ಲ, ಶಿವನ ಮಧ್ಯಸ್ಥಿಕೆಯೂ ಫಲಿಸಿಲ್ಲ. ಮೈಲಿಗೆ ಕಳೆಯುವ ಶಕ್ತಿ ಇರುವುದು ‘ಕೀಳುಕುಲ’ದವಳೆಂದು ಜರೆಸಿಕೊಂಡವಳ ಕೈಯಲ್ಲಿ ಎಂಬ ಅರಿವೇ ರಾಜಿಯ ಮೂಲ. ಹಾಡುಗಾರ್ತಿಯರು ಎರಡು ಪಕ್ಷವಾಗಿ, ಒಬ್ಬರ ಮಾತಿಗೆ ಇನ್ನೊಬ್ಬರು ಎದುರುತ್ತರ ಕೊಡುತ್ತ ಹಾಡುವಾಗ ಈ ಅರಿವು ಪ್ರದರ್ಶನದ ರಚನೆಯೇ ಆಗಿಬಿಡುತ್ತದೆ. ಗೌರಿಯ ಪಕ್ಷದವರೂ ಸೋಲುವ ಸರದಿಯನ್ನು ಹಾಡಲೇಬೇಕು.

ಮಳೆಯ ಆಚರಣೆಗಳ ಧ್ವನಿಯೂ ಆರಾಧನೆಯದಷ್ಟೇ ಅಲ್ಲ. ಉತ್ತರ ಕರ್ನಾಟಕದಲ್ಲಿ ಮಳೆ ಹೋದಾಗ ಬೋರಲು ಹಾಕಿದ ರೊಟ್ಟಿಹಂಚಿನ ಮೇಲೆ ಗುರ್ಜಿಯನ್ನು ಕೂರಿಸಿ, ಹುಡುಗನ ತಲೆಯ ಮೇಲಿಟ್ಟು ಮನೆಮನೆಗೆ ತಿರುಗಿಸುತ್ತಾರೆ. ಮನೆಯೊಡತಿ ನೀರು ಸುರಿಯುತ್ತಾಳೆ, ಹೊತ್ತವನು ಸುತ್ತು ತಿರುಗುತ್ತಾನೆ, ಕೂಡಿಬಂದ ಕಾಳು ಹಿಟ್ಟಿನಿಂದ ಎಲ್ಲರ ಊಟವಾಗುತ್ತದೆ. ನೀರಿಲ್ಲದ ಹೊತ್ತಿನಲ್ಲೇ ಇದ್ದ ನೀರನ್ನು ಚೆಲ್ಲುವ ಈ ಕ್ರಿಯೆ ಮಿತವ್ಯಯದ ಸಂದೇಶ ಹುಡುಕುವ ಕಾರ್ಯಕರ್ತನಿಗೆ ತೊಡಕಿನದಾಗಿಯೇ ಕಾಣಬೇಕು. ಭಾದ್ರಪದದ ಜೋಕುಮಾರನದು ಇನ್ನೂ ಸ್ಪಷ್ಟವಾದ ಕಥೆ. ಗಣಪ ಕಡುಬು ಉಂಡುಹೋಗಿ ಭೂಲೋಕ ಸುಖವಾಗಿದೆಯೆಂದು ಶಿವನಿಗೆ ವರದಿ ಒಪ್ಪಿಸಿದರೆ, ಬುಟ್ಟಿಯಲ್ಲಿ ಕುಳಿತು ಕೇರಿ ಕೇರಿ ಸುತ್ತಿದ ಜೋಕುಮಾರ ಮಳೆಯಿಲ್ಲ, ಬೆಳೆಯಿಲ್ಲ ಎಂದು ನಿಜ ಹೇಳುತ್ತಾನೆ. ನಿಜ ಹೇಳುವವನು ಏಳು ದಿನ ಮಾತ್ರ ಬದುಕುವ, ಅಗಸರ ಕೈಯಲ್ಲಿ ಸಾಯುವ ದೇವರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ (1972) ಈ ಆಶಯವನ್ನು ನೆಲದ ಒಡೆತನದ ಪ್ರಶ್ನೆಯಾಗಿ ಬೆಳೆಸಿತು. ಕಲಾಜಾಥಾಗಳಿಗೆ ಅದು ಮಾದರಿಯಾಗಬಹುದಿತ್ತು, ಆಗಲಿಲ್ಲ.

ಈ ಆಚರಣೆಗಳನ್ನು ‘ಇಡೀ ಊರಿನವು’ ಎಂದು ಬಣ್ಣಿಸುವ ರೂಢಿಯಿದೆ. ನಮ್ಮ ಸಂಗ್ರಹಗಳು ಹಾಡಿನ ಸಾಲುಗಳನ್ನು ಕಾಳಜಿಯಿಂದ ಕೊಡುತ್ತವೆ. ಗುರ್ಜಿಯಾಗಲಿ ಮಳೆರಾಯನಾಗಲಿ ಯಾವ ಕೇರಿಯವರೆಗೆ ಹೋಗಿ ಹಿಂದಿರುಗಿತು, ಯಾರ ಕೈನೀರು ಅದರ ಮೇಲೆ ಬಿತ್ತು ಎಂಬುದನ್ನು ದಾಖಲಿಸುವುದು ಮಾತ್ರ ಅಪರೂಪ. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವುದಕ್ಕೇ ಸತ್ಯಾಗ್ರಹ ನಡೆಸಬೇಕಾಯಿತೆಂಬುದನ್ನು ಬದಿಗಿಟ್ಟು ನೀರಿನ ಸಮುದಾಯ ಪ್ರಜ್ಞೆಯನ್ನು ಕುರಿತು ಮಾತನಾಡುವುದು ವಿದ್ವತ್ತಿಗೆ ಶೋಭಿಸುವುದಿಲ್ಲ.

‘ಕೆರೆಗೆ ಹಾರ’ ಕಥನಗೀತೆಗೆ ಆಗಿರುವ ಗತಿ ಇದಕ್ಕೆ ಇನ್ನೊಂದು ನಿದರ್ಶನ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾದಾಗ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲು ಮನೆಯ ಹಿರಿಯರು ನಿಶ್ಚಯಿಸುತ್ತಾರೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಹಿಂದಿರುಗಿ ಬಂದು ಅದೇ ಕೆರೆಗೆ ಹಾರುತ್ತಾನೆ. ಪಠ್ಯಪುಸ್ತಕಗಳಲ್ಲೂ ವೇದಿಕೆಗಳಲ್ಲೂ ಇದು ಬಹುಕಾಲ ‘ತ್ಯಾಗದ ಆದರ್ಶ’ವಾಗಿ ಬಳಕೆಯಾಗಿದೆ. ಗೀತೆ ಮಾತ್ರ ಭಾಗೀರಥಿ ತವರಿಗೂ ಗೆಳತಿಯ ಮನೆಗೂ ಹೋಗಿಬರುವ ದಾರಿಯನ್ನು, ತವರಲ್ಲಿ ಆಕೆ ನಿಜ ಹೇಳಲಾರದೆ ನುಂಗಿದ ಮಾತನ್ನು ಇಷ್ಟಿಷ್ಟಾಗಿ ಬಿಡಿಸುತ್ತ ಕೇಳುಗನ ಎದೆಯಲ್ಲಿ ಅಪರಾಧಪ್ರಜ್ಞೆಯನ್ನು ಬಿತ್ತುತ್ತದೆ. ಕೊನೆಗೆ ಗಂಡನ ಸಾವು ಮಾವನ ಲೆಕ್ಕಾಚಾರವನ್ನೇ ಬುಡಮೇಲು ಮಾಡುತ್ತದೆ. ಊರಿನ ನೀರಿಗೆ ಬೆಲೆ ತೆತ್ತವರು ಯಾರು ಎಂದು ಕೇಳುವ ಪಠ್ಯವಿದು. ಅಣೆಕಟ್ಟುಗಳ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಕಾಲದಲ್ಲಿ ಆ ಪ್ರಶ್ನೆ ಹಳತಾಗಿಲ್ಲ.

ಹೋರಾಟದ ಒಡಲಿನಿಂದ ಬಂದ ಕಲೆಯನ್ನು ಯೋಜನೆಯ ಕಲೆಯಿಂದ ಬೇರ್ಪಡಿಸಿ ನೋಡಬೇಕು. 1975ರಲ್ಲಿ ಆರಂಭವಾದ ‘ಸಮುದಾಯ’ ತಂಡ 1979ರ ಜಾಥಾದ ಮೂಲಕ ಬೀದಿನಾಟಕವನ್ನು ನಾಡಿನ ಉದ್ದಗಲಕ್ಕೆ ಒಯ್ದಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದಾಗ ಹುಟ್ಟಿದ ಅಪ್ಪಿಕೋ ಚಳವಳಿ ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತಗಳನ್ನು ಬಳಸಿಕೊಂಡಿತು. ಅಲ್ಲಿ ಎದುರಾಳಿ ಯಾರೆಂಬುದು ನೋಡುಗರಿಗೆ ಗೊತ್ತಿತ್ತು. ಕಾಡು ಹೋದರೆ ತಮ್ಮ ತೋಟದ ನೀರು ಬತ್ತುತ್ತದೆಂಬ ಅನುಭವ ಅವರದೇ ಆಗಿತ್ತು. ಇಲಾಖೆಯ ಕಲಾಜಾಥಾದಲ್ಲಿ ತಪ್ಪಿತಸ್ಥ ಸದಾ ಅಜ್ಞಾನಿಯಾದ ಹಳ್ಳಿಗ. ಕೆರೆಯ ಅಂಗಳವನ್ನು ಒತ್ತುವರಿ ಮಾಡಿದವನೂ ಕಾರ್ಖಾನೆಯ ಕೊಳಚೆಯನ್ನು ಹೊಳೆಗೆ ಬಿಟ್ಟವನೂ ಆ ರಂಗದ ಮೇಲೆ ಬರುವುದಿಲ್ಲ. ಕಲಾವಿದನಿಗೆ ನಾಲ್ಕು ದಿನದ ಸಂಭಾವನೆ ದೊರೆಯುವುದು ನಿಜ, ಅದನ್ನು ಹಗುರಾಗಿ ಕಾಣಲಾಗದು. ಆದರೆ ಧಾಟಿ ಉಳಿದು ಎದುರುತ್ತರ ಕೊಡುವ ಗುಣ ಹೋದರೆ ಉಳಿಯುವುದು ಸದ್ದು.

ಕಾವೇರಿಯ ವಿಷಯದಲ್ಲಿ ಈ ನಷ್ಟ ಹೆಚ್ಚು ನೋಯಿಸುವಂಥದು. ಕರ್ನಾಟಕದಲ್ಲಿ ತುಂಬಿದ ಹೊಳೆಗೆ ಅರಿಶಿನ, ಕುಂಕುಮ, ಬಳೆ, ಧಾನ್ಯಗಳಿಟ್ಟ ಮೊರದ ಬಾಗಿನ ಸಲ್ಲುತ್ತದೆ. ಹೊಳೆ ಇಲ್ಲಿ ಮುತ್ತೈದೆ. ತಮಿಳುನಾಡಿನಲ್ಲಿ ಆಡಿ ತಿಂಗಳ ಹದಿನೆಂಟರಂದು ಅದೇ ಹೊಳೆಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಊಟವಾಗಿ ಚಿತ್ರಾನ್ನಗಳನ್ನು ಅರ್ಪಿಸುತ್ತಾರೆ. ಮೇಲಿನ ಊರಿನಲ್ಲಿ ಮುತ್ತೈದೆಯಾದವಳು ಕೆಳಗಿನ ಊರಿನಲ್ಲಿ ಬಸುರಿಯಾಗುವ ಈ ಕಲ್ಪನೆಗಳು ಒಂದೇ ಹೆಣ್ಣಿನ ಬಾಳಿನ ಎರಡು ಘಟ್ಟಗಳಂತಿವೆ. ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೂ ಮೈಸೂರು ಸೀಮೆಯಲ್ಲೂ ತಮಿಳರ ಮೇಲೆ ನಡೆದ ಹಿಂಸೆಯನ್ನು, 2016ರ ಸೆಪ್ಟೆಂಬರಿನ ಗಲಭೆಯನ್ನು ಈ ಕಲ್ಪನೆಗಳು ತಡೆಯಲಿಲ್ಲ. ಮನೆಯಂಗಳದ ಬಾಗಿನ ಆ ಹೊತ್ತಿಗಾಗಲೇ ಅಣೆಕಟ್ಟೆಯ ಮೇಲಿನ ಸರ್ಕಾರಿ ಸಮಾರಂಭವಾಗಿ, ಹೆಂಗಸರ ಕೈಯಿಂದ ಮುಖ್ಯಮಂತ್ರಿಗಳ ಕೈಗೆ ಬಂದಿತ್ತು. ಅಲ್ಲಿ ನದಿಗೆ ಸಲ್ಲುವ ಮಾತು ಕೃತಜ್ಞತೆಯದಾದರೂ ಧ್ವನಿ ಒಡೆತನದ್ದು.

2003ರಲ್ಲಿ ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯೊಂದರ ನೆರವಿನಿಂದ ಎರಡೂ ರಾಜ್ಯಗಳ ರೈತರು ಒಟ್ಟಿಗೆ ಕುಳಿತು ಮಾತುಕತೆ ಆರಂಭಿಸಿ, ತಮ್ಮ ಕೂಟಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಿಟ್ಟುಕೊಂಡರು. ಅದರಿಂದ ನೀರಿನ ಹಂಚಿಕೆ ಇತ್ಯರ್ಥವಾಗಲಿಲ್ಲ. 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ವ್ಯಾಜ್ಯ ನಡೆಯಿತು. ಆದರೆ ಆ ರೈತರು ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ, ಒಣಗಿದ ಪೈರನ್ನು ಕಣ್ಣಾರೆ ಕಂಡು, ಎದುರುಬದುರು ಕುಳಿತು ಮಾತನಾಡಿದ ರೀತಿ ಗಂಗೆ-ಗೌರಿಯರ ಹಾಡಿನ ರೀತಿಗೆ ಯಾವ ಕಲಾಜಾಥಾಕ್ಕಿಂತಲೂ ಹತ್ತಿರದ್ದು.