ತಾತಯ್ಯನ ಪದಕ್ಕೆ ಯಾವ ಕಾರ್ಡು?

ಗಿಟಾರ್ ಕಲಿಯಲು ಹೊರಟವರಿಗೆ ಇವತ್ತು ಬೆಂಗಳೂರಿನ ಕ್ಲಾಸಿನಲ್ಲಾಗಲಿ, ಪೆರೇಸಂದ್ರದಲ್ಲಿ ಮೊಬೈಲ್ ಮುಂದಿಟ್ಟುಕೊಂಡಾಗಲಿ ಸಿಗುವ ಪಾಠ ಹೆಚ್ಚುಕಡಿಮೆ ಒಂದೇ. ಸಿ, ಜಿ, ಡಿ, ಎ ಮೈನರ್, ಇ ಮೈನರ್ ಎಂಬ ನಾಲ್ಕೈದು ಕಾರ್ಡು. ಅದರ ಮೇಲೆ ‘ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ’ ಎನ್ನುವ ಒಂದು ಸ್ಟ್ರಮ್ಮಿಂಗ್. ಇಷ್ಟು ಬಂದರೆ ನೂರಾರು ಹಾಡು ನುಡಿಸಬಹುದು ಅನ್ನುತ್ತಾರೆ. ನುಡಿಸಬಹುದು, ನಿಜ. ಆದರೆ ಆ ನೂರರಲ್ಲಿ ನಮ್ಮ ಸೀಮೆಯ ಹಾಡು ಎಷ್ಟು ಎಂದು ಕೇಳುವವರು ಕಡಿಮೆ.

ಮೊದಲು ಈ ಕ್ರಮದ ಗುಣ ಹೇಳಬೇಕು. ಎ ಮೈನರ್‌ನಿಂದ ಸಿ ಕಾರ್ಡಿಗೆ ಹೋಗುವ ಕೈಯನ್ನು ಹತ್ತಿರದಿಂದ ನೋಡಿ. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲೇ ಇರುತ್ತದೆ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲೇ ಇರುತ್ತದೆ. ಉಂಗುರಬೆರಳೊಂದೇ ಮೂರನೇ ತಂತಿ ಬಿಟ್ಟು ಐದನೆಯದರ ಮೂರನೇ ಫ್ರೆಟ್‌ಗೆ ಹಾರುತ್ತದೆ. ಒಂದೇ ಬೆರಳಿನ ಓಡಾಟಕ್ಕೆ ಹಾಡಿನ ಬಣ್ಣವೇ ಬದಲಾಗುತ್ತದೆ! ಬೆರಳ ತುದಿ ಉರಿಯುವ ಮೊದಲ ವಾರಗಳಲ್ಲಿ ಕಲಿಯುವವನನ್ನು ಹಿಡಿದು ನಿಲ್ಲಿಸುವುದು ಈ ಸುಖವೇ. ವರ್ಷಗಟ್ಟಲೆ ಸರಳೆ, ಜಂಟಿ ಹೇಳಿಸಿ ಆಮೇಲೆ ಹಾಡು ಕೊಡುವ ಪದ್ಧತಿಯಲ್ಲಿ ಎಷ್ಟು ಮಕ್ಕಳು ಅರ್ಧಕ್ಕೇ ಎದ್ದುಹೋಗಿದ್ದಾರೆ ಎಂಬುದು ಸಂಗೀತದ ಮನೆಗಳಿಗೆಲ್ಲ ಗೊತ್ತು. ಬಲಗೈ ಎಲ್ಲೂ ನಿಲ್ಲಬಾರದು, ತಂತಿ ತಾಗದಿದ್ದರೂ ಗಾಳಿಯಲ್ಲಿ ಆಡುತ್ತಲೇ ಇರಬೇಕು ಎಂಬ ಪಾಠವೂ ಒಳ್ಳೆಯದು. ಲಯ ಮೈಗೆ ಇಳಿಯುವುದು ಹಾಗೆಯೇ.

ತೊಡಕು ಶುರುವಾಗುವುದು ಸ್ವರದಲ್ಲಿ. ಪುರಂದರದಾಸರು ಹಾಕಿಕೊಟ್ಟರೆಂದು ನಂಬಿಕೊಂಡು ಬಂದಿರುವ ಕ್ರಮದಂತೆ ಮಕ್ಕಳ ಮೊದಲ ಸರಿಗಮ ಮಾಯಾಮಾಳವಗೌಳದಲ್ಲಿ. ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಸಿ ಕಾರ್ಡು ಆ ರಾಗಕ್ಕೆ ಒಪ್ಪುತ್ತದೆ. ಅದರ ಜೋಡಿಯೆಂದು ಕಲಿಸುವ ಎಫ್ ಮತ್ತು ಜಿ ಎರಡೂ ಒಪ್ಪುವುದಿಲ್ಲ. ಎಫ್ ಕಾರ್ಡಿನ ಧೈವತ ರಾಗದ ಧೈವತಕ್ಕಿಂತ ಮೇಲೆ, ಜಿ ಕಾರ್ಡಿನ ರಿಷಭವೂ ಹಾಗೆಯೇ. ಎಫ್ ಇದ್ದಲ್ಲಿ ಎಫ್ ಮೈನರ್ ಹಿಡಿದರೆ ಸರಿಹೋಗುತ್ತದೆ. ಇದನ್ನು ಹೊಸಬನಿಗೆ ಯಾರು ಹೇಳುತ್ತಾರೆ? ಮೋಹನದಲ್ಲಿ ಮಧ್ಯಮ, ನಿಷಾದ ಇಲ್ಲವೇ ಇಲ್ಲ. ಅಲ್ಲಿ ಸಿ, ಎ ಮೈನರ್ ಸಲೀಸು, ಜಿ ಹಿಡಿದ ಕೂಡಲೇ ಕರೆಯದ ನಿಷಾದ ಬಂದು ಕೂರುತ್ತದೆ. ಕಲಿಯುವ ಹುಡುಗ ತನ್ನ ಕಿವಿಯನ್ನೇ ಅನುಮಾನಿಸಿಕೊಳ್ಳುತ್ತಾನೆ, ತಪ್ಪು ಪಾಠದ್ದು.

ನಮ್ಮ ಕಡೆ ಇದು ದೊಡ್ಡ ಮಾತು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಬಳೆ ಮಾರಿ ಬದುಕಿದ ಯೋಗಿ ನಾರೇಯಣ, ಕನ್ನಡ ತೆಲುಗು ಎರಡರಲ್ಲೂ ಪದ ಕಟ್ಟಿದವರು. ಆ ಪದಗಳನ್ನು ಈ ಜಿಲ್ಲೆಯ ಭಜನೆ ತಂಡಗಳು ಇವತ್ತಿಗೂ ಹಾಡುತ್ತವೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂಗೀತೋತ್ಸವವೇ ನಡೆಯುತ್ತದೆ. ಇಂಥ ಒಂದು ಭಜನೆಯಲ್ಲಿ ಪಿಯುಸಿ ಹುಡುಗನೊಬ್ಬ ಗಿಟಾರ್ ಹಿಡಿದು ಕೂತಿದ್ದ. ಪದ ಆರರ ನಡೆಯದು, ಅವನ ಕೈ ಎಂಟರ ಪಟ್ಟು ಬಿಡದು. ಹಾರ್ಮೋನಿಯಂ ಹಿಡಿದಿದ್ದ ಹಿರಿಯರು, “ನೀನು ನಿನ್ ಪಾಡಿಗೆ ಹೋಗ್ತಾ ಇದೀಯ ಕಣಪ್ಪ, ಪದ ಬಂದು ಸೇರ್ಲಿ ತಡಿ” ಅಂದರು. ಸ್ಟ್ರಮ್ಮಿಂಗ್ ಪಾಠದ ಮೇಲೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಕೇಳಿಲ್ಲ. ಆರಕ್ಕೆ ಮೂರು ಮೂರಾಗಿ, ಏಳಕ್ಕೆ ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಂಡು ಪ್ರತಿ ‘ತ’ ಬಂದಾಗ ಕೈ ಕೆಳಗಿಳಿಸಿದರೆ ಆ ಹುಡುಗನಿಗೂ ದಾರಿ ಸಿಗುತ್ತಿತ್ತು.

ಗಿಟಾರ್ ಪರದೇಶದ್ದು, ನಮ್ಮ ಹಾಡಿಗೆ ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಹಿರಿಯರ ಮುಂದಿದ್ದ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಅದರಲ್ಲಿ ಗಮಕ ಬರದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಭಜನೆಯವರು ಮಾತ್ರ ಕೈಬಿಡಲಿಲ್ಲ, ಏಕೆಂದರೆ ಅವರು ಅದರಲ್ಲಿ ನುಡಿಸಿದ್ದು ಹಾಡಿನ ಮಟ್ಟನ್ನೇ, ಜೊತೆಗೊಂದು ಶ್ರುತಿ. ಗಿಟಾರ್ ಹೊಸಬನಿಗೆ ಈ ಎರಡನ್ನೂ ಹೇಳಿಕೊಡುತ್ತಿಲ್ಲ ಎಂಬುದೇ ನನ್ನ ತಕರಾರು. ಹಾಡಿನ ಮಟ್ಟು ಒಂದು ತಂತಿಯ ಮೇಲೂ ಬಾರದವನಿಗೆ ನಾಲ್ಕು ಕಾರ್ಡು ಕೊಟ್ಟು ಹಾಡು ಬಂತು ಅನ್ನುವುದು ಸರಿಯಲ್ಲ.

ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಜೊತೆ ಹಾಡಿದಾಗ ಗೆದ್ದದ್ದು ನನ್ನ ಪ್ರಕಾರ ಕಾರ್ಡಿನ ಬಲದಿಂದಲ್ಲ. ಮಾತು ಮುಂದೆ, ತಂತಿ ಹಿಂದೆ. ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಗಿಟಾರ್ ವಾದಕ ಪ್ರಕಾಶ್ ಸೊಂಟಕ್ಕೆ ಅಂಥವರು ತಂತಿಯ ಮೇಲೆ ಸರಳು ಜಾರಿಸಿ ಇಡೀ ರಾಗವನ್ನೇ ನುಡಿಸುತ್ತಾರೆ. ಹೊಸಬ ಅಷ್ಟು ದೂರ ಹೋಗಬೇಕಿಲ್ಲ.

ಅವನಿಗೆ ಬೇಕಾದದ್ದು ಕೈಯಲ್ಲೇ ಇದೆ. ಗಿಟಾರಿನ ಐದನೇ ತಂತಿ ಎ, ನಾಲ್ಕನೆಯದು ಡಿ. ಡಿಯನ್ನು ಷಡ್ಜ ಮಾಡಿಕೊಂಡರೆ ಎ ಮಂದ್ರ ಪಂಚಮ. ಎಡಗೈ ಮುಟ್ಟದೆ ಹೆಬ್ಬೆರಳಿನಲ್ಲಿ ಈ ಎರಡೇ ತಂತಿ ಮೀಟಿಕೊಂಡು ಪದ ಹಾಡಲಿ. ಆಮೇಲೆ ಅದೇ ಮಟ್ಟನ್ನು ತೆಳು ತಂತಿಯ ಮೇಲೆ ಹುಡುಕಲಿ. ಎಲ್ಲಿ ಹಾಡು ಬೇರೆ ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುತ್ತದೋ ಅಲ್ಲಿ ಮಾತ್ರ ಕಾರ್ಡು ಬದಲಾಗಲಿ. ಒಂದು ಪದಕ್ಕೆ ಎರಡೇ ಕಾರ್ಡು ಸಾಕಾದರೆ ಎರಡೇ ಇರಲಿ. ಭಜನೆ ತಂಡದವರು ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಗೆ ಹಾಡುತ್ತಿದ್ದರೆ ಮೂರನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿಯ ಹಿಡಿತಗಳನ್ನೇ ಹಿಡಿಯಬಹುದು, ಹಾಡುವವರು ತಮ್ಮ ದನಿ ಇಳಿಸಿಕೊಳ್ಳಬೇಕಾಗಿಲ್ಲ. ಆರೂ ತಂತಿಯನ್ನು ಒಂದೇ ಬೆರಳಿನಲ್ಲಿ ಒತ್ತುವ ಎಫ್‌ನ ಬಾರ್ ಕಾರ್ಡಿಗೆ ಇನ್ನೂ ಸಾಕಷ್ಟು ಕಾಲ ಇದೆ.