ಅಯೊಡೀನನ್ನು ಹಿಡಿಯುವ ಲೋಹ-ಸಾವಯವ ಚೌಕಟ್ಟುಗಳು: ಒಂದು ವಿಮರ್ಶೆ

ಲೋಹದ ಅಯಾನುಗಳನ್ನು ಸಾವಯವ ಅಣುಗಳೆಂಬ ತೊಲೆಗಳಿಂದ ಜೋಡಿಸಿ ಕಟ್ಟಿದ ರಂಧ್ರಮಯ ಸ್ಫಟಿಕಗಳಿಗೆ ಲೋಹ-ಸಾವಯವ ಚೌಕಟ್ಟುಗಳೆಂದು ಹೆಸರು. ಇವುಗಳ ನಿರ್ಮಾಣಕ್ಕಾಗಿ ಕಿಟಾಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ 2025ರ ನೊಬೆಲ್ ಪಾರಿತೋಷಕ ದೊರೆತ ಮೇಲೆ ವಿದ್ಯಾರ್ಥಿಗಳಲ್ಲಿ ಕುತೂಹಲ ಬೆಳೆಯುವುದು ಸಹಜ. ಈ ಚೌಕಟ್ಟುಗಳು ವಿಕಿರಣಪಟು ಅಯೊಡೀನನ್ನು ಹಿಡಿದಿಡುತ್ತವೆಂದು ಸಾರುವ ಪ್ರಬಂಧಗಳು ಈಗ ಹೇರಳವಾಗಿವೆ. ಅವುಗಳಲ್ಲಿ ಅಂಕಿಗಳನ್ನು ಕೊಡುವ ಕ್ರಮವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಪ್ರಶ್ನೆ ಹಗುರವಾದುದಲ್ಲ. ಯುರೇನಿಯಂ ಇಂಧನದಲ್ಲಿ ಹುಟ್ಟುವ ಅಯೊಡೀನ್-131ರ ಅರ್ಧಾಯುಷ್ಯ 8 ದಿನ. ಇಂಧನವನ್ನು ತಣಿಯಲು ಬಿಟ್ಟ ಕಾಲದಲ್ಲಿಯೇ ಅದು ನಶಿಸುತ್ತದೆ. ಅಯೊಡೀನ್-129ರ ಅರ್ಧಾಯುಷ್ಯವಾದರೋ ಸುಮಾರು 1 ಕೋಟಿ 57 ಲಕ್ಷ ವರ್ಷ. ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಾಗ ಅದು ಆವಿಯಾಗಿ ಹೊರಡುತ್ತದೆ. ಅದನ್ನು ಹಿಡಿಯದೆ ಗತ್ಯಂತರವಿಲ್ಲ.

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಡೊರೀನಾ ಸಾವಾ, ಟೀನಾ ನೆನಾಫ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮುಖ್ಯ ಕೃತಿಗಳಲ್ಲೊಂದು. ಸತು ಮತ್ತು ಮೀಥೈಲ್ ಇಮಿಡಜೋಲಿನಿಂದಾದ ಝಿಫ್-8 ಎಂಬ ಚೌಕಟ್ಟು 100 ಗ್ರಾಮಿಗೆ 125 ಗ್ರಾಮಿನಷ್ಟು ಅಯೊಡೀನನ್ನು ಹಿಡಿಯಿತು. ಅದರ ರಂಧ್ರದ ಬಾಯಿ 3.4 ಆಂಗ್‌ಸ್ಟ್ರಮ್, ಅಯೊಡೀನ್ ಅಣುವಿನ ಅಗಲ 3.35. ಆದರೆ ನಮ್ಮ ಗೌರವಕ್ಕೆ ಪಾತ್ರವಾಗುವುದು ಆ 125 ಅಲ್ಲ. ಅದರಲ್ಲಿ 25 ಹೊರಮೈಗೆ ಅಂಟಿದ್ದು, 100 ಮಾತ್ರ ಗೂಡುಗಳ ಒಳಗಿದ್ದದ್ದು ಎಂದು ಅವರೇ ಬೇರ್ಪಡಿಸಿ ಹೇಳಿದರು. ಆಮೇಲಿನ ಅನೇಕರು ಸಂಖ್ಯೆಯನ್ನೇರಿಸುವ ಪೈಪೋಟಿಯನ್ನು ಕಲಿತರು. ಈ ಶಿಸ್ತನ್ನು ಕಲಿಯಲಿಲ್ಲ.

ಈ ಸಂಖ್ಯೆಗಳು ದೊರೆಯುವುದು ಹೇಗೆ? ಚೌಕಟ್ಟಿನ ಪುಡಿಯನ್ನೂ ಅಯೊಡೀನ್ ಹರಳುಗಳನ್ನೂ ಒಂದೇ ಮುಚ್ಚಿದ ಪಾತ್ರೆಯಲ್ಲಿಟ್ಟು, ಸುಮಾರು 75 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ತೂಕದ ಏರಿಕೆಯನ್ನು ಅಳೆಯುವುದು ರೂಢಿ. ಆ ಉಷ್ಣತೆಯಲ್ಲಿ ಅಯೊಡೀನಿನ ಆವಿಯ ಒತ್ತಡ 10 ಮಿಲಿಮೀಟರ್ ಪಾದರಸವನ್ನು ಮೀರುತ್ತದೆ. ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 13,000 ಭಾಗಕ್ಕೂ ಮಿಕ್ಕಿ. ಸ್ಥಾವರದಿಂದ ಹೊರಬರುವ ಅನಿಲದಲ್ಲಿ ಅದು ಕೆಲವು ಹತ್ತು ಭಾಗಗಳಷ್ಟು, ಅಥವಾ ಅದಕ್ಕಿಂತ ಬಹಳ ಕಡಮೆ. ತುಂಬಿದ ಕೆರೆಯಲ್ಲಿ ಬಿಂದಿಗೆಯನ್ನು ಅದ್ದಿ ಅಳೆದವರು, ಇಬ್ಬನಿಯನ್ನು ಕೂಡಿಸಲು ಅದೇ ತಕ್ಕುದೆಂದು ಹೇಳಿದಂತಾಯಿತು. ವಿರಳವಾದ ಆವಿಯಲ್ಲಿ ಗಣನೆಗೆ ಬರುವುದು ರಂಧ್ರಗಳ ಒಟ್ಟು ಅವಕಾಶಕ್ಕಿಂತ ಅಣುವನ್ನು ಸೆಳೆದು ಹಿಡಿಯುವ ಬಲ. ಸೈಕ್ಲೋಹೆಕ್ಸೇನಿನಲ್ಲಿ ನೇರಿಳೆ ಬಣ್ಣ ಮಾಸುವುದನ್ನು ತೋರಿಸುವ ಚಿತ್ರಗಳಂತೂ ಕಣ್ಣಿಗೆ ಹಬ್ಬ. ಈ ಪ್ರಶ್ನೆಗೆ ಅವು ಉತ್ತರವಲ್ಲ.

ಇದಲ್ಲದೆ ಆ ಅನಿಲದಲ್ಲಿ ನೀರಾವಿ, ನೈಟ್ರೋಜನ್ ಆಕ್ಸೈಡುಗಳು, ಮೀಥೈಲ್ ಅಯೊಡೈಡ್ ಸಹ ಇರುತ್ತವೆ. ತಾಮ್ರದ ಎಚ್‌ಕೆಯುಎಸ್‌ಟಿ-1 ಚೌಕಟ್ಟಿನ ಮೇಲೆ ಅದೇ ಸ್ಯಾಂಡಿಯಾ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗ ತೇವವಿದ್ದ ಅನಿಲದಲ್ಲಿಯೇ ನಡೆದುದು. 2017ರಲ್ಲಿ ಕ್ರೋಮಿಯಂನ ಮಿಲ್-101 ಚೌಕಟ್ಟಿಗೆ ಅಮೀನುಗಳನ್ನು ಕಸಿಮಾಡಿ, 150 ಡಿಗ್ರಿಯಲ್ಲಿ ಮೀಥೈಲ್ ಅಯೊಡೈಡನ್ನು ಹಿಡಿದು ತೋರಿಸಿದ ಕೆಲಸವೂ ಈ ಮಾರ್ಗದ್ದೇ. ಇವು ಮೇಲ್ಪಂಕ್ತಿಯಾಗಬೇಕಾಗಿತ್ತು.

ಹಳೆಯ ಬೆಳ್ಳಿ-ಮಾರ್ಡಿನೈಟನ್ನೂ ಇಲ್ಲಿ ನೆನೆಯಬೇಕು. ಅದರ ಹಿಡಿತ ಝಿಫ್-8ರ ಹಿಡಿತದ ಹತ್ತನೆಯ ಒಂದು ಪಾಲಿನ ಆಸುಪಾಸು; ಬೆಳ್ಳಿ ದುಬಾರಿ ಬೇರೆ. ಆದರೆ ಅಲ್ಲಿ ಅಯೊಡೀನ್ ಬೆಳ್ಳಿಯೊಡನೆ ಕೂಡಿ ನೀರಿನಲ್ಲಿ ಕರಗದ ಲವಣವಾಗುತ್ತದೆ. ಹಲವು ಚೌಕಟ್ಟುಗಳಲ್ಲಿಯಾದರೋ ಹಿಡಿದದ್ದು ಕಾಯಿಸಿದರೆ ಇಲ್ಲವೆ ಎಥೆನಾಲಿನಲ್ಲಿ ತೊಳೆದರೆ ಹೊರಟುಹೋಗುತ್ತದೆ. ವಿಚಿತ್ರವೆಂದರೆ, ಇದನ್ನೇ ಮರುಬಳಕೆಯ ಗುಣವೆಂದು ಹೊಗಳಿ ಬರೆಯುವ ಪ್ರಬಂಧಗಳುಂಟು. ಹಾಗೆ ತೊಳೆದು ತೆಗೆದ ಅಯೊಡೀನ್-129ನ್ನು ಮುಂದೆ ಎಲ್ಲಿ ಇಡತಕ್ಕದ್ದೆಂಬ ಮಾತು ಆ ಪುಟಗಳಲ್ಲಿ ಕಾಣಸಿಗುವುದು ಅಪರೂಪ.